ಸಂತ ಅಂತೋಣಿ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳವಾರ ಸಂಜೆ ಮರೆಯದೆ ಮೇಣದ ಬತ್ತಿ ಹಚ್ಚುವವರು, ಬೀಗದ ಕೈ ಕಳೆದಾಗ ಮಾತ್ರ ನೆನೆಯುವವರು, ಮಗನಿಗೆ ಅಂತೋಣಿ ಅಂತ ಹೆಸರಿಟ್ಟವರು, ಕ್ರೈಸ್ತರಲ್ಲದಿದ್ದರೂ ಅವರ ಚರ್ಚಿರುವ ಡೋರನಹಳ್ಳಿಗೆ ವರ್ಷಕ್ಕೊಮ್ಮೆ ಹೋಗಿ ಬರುವವರು ಬೇರೆ ಬೇರೆ ಹೊತ್ತಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳಿವು. ನಾನು ಗುರುವೂ (ಪಾದ್ರಿಯೂ) ಅಲ್ಲ, ದೈವಶಾಸ್ತ್ರದ ಪಂಡಿತನೂ ಅಲ್ಲ. ಭಾನುವಾರ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುವವನು. ಒಂದು ಹುಡುಗಿ ಎದ್ದು ನಿಂತು "ಸಾರ್, ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತಾರಲ್ಲ, ಅವರಿಗೆ ಕಳೆದುಹೋದದ್ದು ಏನು?" ಅಂತ ಕೇಳಿದಾಗ ಬಾಯಿ ಬರದೆ ನಿಂತೆ. ಓದಲು ಶುರು ಮಾಡಿದ್ದು ಆಮೇಲೆ.

ಅಂತೋಣಿಯವರು ಇಟಲಿಯವರಲ್ಲವೇ? 'ಪಾದುವಾದ ಸಂತ ಅಂತೋಣಿ' ಅಂತ ಹೆಸರಲ್ಲೇ ಇಟಲಿಯ ಊರು ಇದೆಯಲ್ಲ?

ಅಲ್ಲ. ಹುಟ್ಟಿದ್ದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ, 1195ರ ಸುಮಾರಿಗೆ. ಉಳ್ಳವರ ಮನೆ. ಲಿಸ್ಬನ್ನಿನ ಪ್ರಧಾನಾಲಯದಿಂದ (ಕೆಥೆಡ್ರಲ್) ನಾಲ್ಕು ಹೆಜ್ಜೆ ದೂರದಲ್ಲಿ ಆ ಮನೆ ಇತ್ತೆಂದು ಹೇಳುವ ಜಾಗದಲ್ಲಿ ಈಗ ಅವರ ಹೆಸರಿನದೇ ಚರ್ಚಿದೆ. ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ಫೆರ್ನಾಂಡೊ.

ಪಾದುವಾದಲ್ಲಿ ಅವರು ಇದ್ದದ್ದು ಬಹಳ ಕಡಿಮೆ ಕಾಲ, ಬದುಕಿನ ಕೊನೆಗೆ. ಆದರೆ ಸಂತರ ವಿಷಯದಲ್ಲಿ ಸಮಾಧಿ ಇರುವ ಊರೇ ಮನೆತನದ ಹೆಸರಾಗಿಬಿಡುತ್ತದೆ. ಲಿಸ್ಬನ್ನಿನವರು ಇದನ್ನು ಇನ್ನೂ ಒಪ್ಪಿಲ್ಲ. ಅವರಿಗೆ ಈತ ಲಿಸ್ಬನ್ನಿನ ಅಂತೋಣಿಯೇ. ಜೂನ್ 13 ಅಲ್ಲಿ ನಗರಕ್ಕೆಲ್ಲ ರಜೆ. ಹಿಂದಿನ ರಾತ್ರಿ ಹಳೆಯ ಕೇರಿಗಳಲ್ಲಿ ನಮ್ಮ ಬೂತಾಯಿಯಂಥ ಮೀನನ್ನು ಕೆಂಡದ ಮೇಲೆ ಸುಡುತ್ತಾರೆ, ಹುಡುಗರು ಹುಡುಗಿಯರಿಗೆ ಕಾಮಕಸ್ತೂರಿಯ ಪುಟ್ಟ ಕುಂಡ ಕೊಡುತ್ತಾರೆ.

ನಮ್ಮ ಕಡೆ ಕೈಯಲ್ಲಿ ಕೋಲು ಹಿಡಿದ ಗಡ್ಡದ ಅಂತೋಣಿಯನ್ನೂ ನೋಡಿದ್ದೇನೆ. ಇಬ್ಬರೂ ಒಬ್ಬರೇ?

ಬೇರೆ ಬೇರೆ. ಗಡ್ಡದವರು ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಅಂತೋಣಿ, ನಾಲ್ಕನೆಯ ಶತಮಾನದವರು, ಹಬ್ಬ ಜನವರಿ 17. ಫೆರ್ನಾಂಡೊ ತನ್ನ ಹೆಸರು ಬದಲಿಸಿಕೊಂಡಾಗ ತೆಗೆದುಕೊಂಡದ್ದು ಅವರ ಹೆಸರನ್ನೇ.

ಹೆಸರು ಯಾಕೆ ಬದಲಿಸಿಕೊಂಡರು?

ಇದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಹದಿನೈದರ ಆಸುಪಾಸಿನಲ್ಲಿ ಫೆರ್ನಾಂಡೊ ಲಿಸ್ಬನ್ನಿನ ಕೋಟೆಯ ಹೊರಗಿದ್ದ ಅಗಸ್ಟಿನಿಯನ್ ಮಠ ಸೇರಿದರು. ಊರು ಪಕ್ಕದಲ್ಲೇ; ಗೆಳೆಯರು, ನೆಂಟರು ದಿನಾ ಬಾಗಿಲು ತಟ್ಟುತ್ತಿದ್ದರು. ಎರಡು ವರ್ಷ ಸಹಿಸಿ, ದೂರದ ಕೊಯಿಂಬ್ರಾದ ಸಾಂತಾ ಕ್ರೂಝ್ ಮಠಕ್ಕೆ ಕಳಿಸಿ ಎಂದು ಕೇಳಿಕೊಂಡರು. ಕೊಯಿಂಬ್ರಾ ಆಗ ರಾಜಧಾನಿ. ಮಠದಲ್ಲಿ ಒಳ್ಳೆಯ ಪುಸ್ತಕ ಭಂಡಾರವಿತ್ತು. ಅಲ್ಲಿ ಎಂಟೊಂಬತ್ತು ವರ್ಷ ಕೂತು ಬೈಬಲ್ಲನ್ನೂ ಹಳೆಯ ಪಂಡಿತರನ್ನೂ ಅರೆದು ಕುಡಿದರು. ಮುಂದೆ ಅವರ ಬಾಯಿಂದ ಬಂದದ್ದೆಲ್ಲ ಈ ಗೂಡಿನಲ್ಲಿ ಕೂಡಿಟ್ಟದ್ದೇ.

1220ರಲ್ಲಿ ಊರಿಗೊಂದು ಮೆರವಣಿಗೆ ಬಂತು. ಅದೇ ಜನವರಿ 16ರಂದು ಮೊರಾಕೊದ ಮರಕೇಶ್‌ನಲ್ಲಿ ಐವರು ಫ್ರಾನ್ಸಿಸ್ಕನ್ (ಅಸ್ಸಿಸಿಯ ಫ್ರಾನ್ಸಿಸ್ ಕಟ್ಟಿದ ಸಭೆಯ) ಸಹೋದರರ ತಲೆ ಹೋಗಿತ್ತು. ಅವರ ಅವಶೇಷಗಳನ್ನು ಸಾಂತಾ ಕ್ರೂಝ್‌ಗೇ ತಂದಿಟ್ಟರು. ಊರ ಹೊರಗಿನ ಆಲಿವ್ ತೋಪಿನಲ್ಲಿ ಮರುಭೂಮಿಯ ಅಂತೋಣಿಯ ಹೆಸರಿನ ಒಂದು ಪುಟ್ಟ ಗುಡಿ ಇತ್ತು. ಅಲ್ಲಿ ನಾಲ್ಕಾರು ಫ್ರಾನ್ಸಿಸ್ಕನ್ನರು ಇದ್ದರು, ಓದು ಬರಹ ಅಷ್ಟಕ್ಕಷ್ಟೆ, ಮಠಕ್ಕೆ ಭಿಕ್ಷೆಗೆ ಬರುತ್ತಿದ್ದರು. ಫೆರ್ನಾಂಡೊ ಅವರಿಗೆ ಹೇಳಿದ್ದು ಇಷ್ಟೆ: ನನ್ನನ್ನೂ ಮೊರಾಕೊಗೆ ಕಳಿಸುವುದಾದರೆ ನಿಮ್ಮ ನಿಲುವಂಗಿ ತೊಡುತ್ತೇನೆ. ಅವರು ಒಪ್ಪಿದರು. ಗುಡಿಯ ಸಂತನ ಹೆಸರು ಇವರ ಹೆಸರಾಯಿತು.

ಹಳೆಯ ಮಠ ಬಿಟ್ಟು ಹೊರಡುವಾಗ ಒಬ್ಬ ಸಂಗಾತಿ ಮೊನಚಾಗಿ, "ಹೋಗು ಹೋಗು, ನೀನೇ ಸಂತನಾಗುವವನು" ಅಂದನಂತೆ. "ಆದದ್ದು ಕೇಳಿದ ದಿನ ದೇವರನ್ನು ಹೊಗಳು" ಎಂದು ಇವರು ಉತ್ತರ ಕೊಟ್ಟರೆಂದು ಅವರ ಮೊದಲ ಚರಿತ್ರೆಯಲ್ಲಿದೆ. ಆ ಚರಿತ್ರೆ ಸಾವಿನ ಮರುವರ್ಷವೇ, ಹೆಸರು ಹಾಕಿಕೊಳ್ಳದ ಒಬ್ಬ ಸಹೋದರ ಬರೆದದ್ದು. ಲ್ಯಾಟಿನ್ನಿನ ಮೊದಲ ಪದ ಹಿಡಿದು ಅದನ್ನು 'ಅಸ್ಸಿದುಆ' ಅನ್ನುತ್ತಾರೆ. ಮುಂದೆ ನಾನು 'ಮೊದಲ ಚರಿತ್ರೆ' ಅಂದರೆ ಅದೇ.

ಫ್ರೈಯರ್ ಅಂದರೆ ಏನು? ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಸೇಂಟ್ ಆಂಥೋನೀಸ್ ಫ್ರೈಯರಿ ಅಂತ ಇದೆಯಲ್ಲ?

ಫ್ರೈಯರ್ ಅಂದರೆ ಸಹೋದರ. ಮಠದ ಸನ್ಯಾಸಿಗೂ ಇವರಿಗೂ ಇರುವ ವ್ಯತ್ಯಾಸ ಕನ್ನಡಿಗರಿಗೆ ಬೇಗ ತಿಳಿಯುತ್ತದೆ: ಒಬ್ಬರು ಸ್ಥಾವರ, ಇನ್ನೊಬ್ಬರು ಜಂಗಮ. ಹಳೆಯ ಮಠಗಳಿಗೆ ಹೊಲ, ತೋಟ, ಗೋಡೆ ಇದ್ದವು. ಅಸ್ಸಿಸಿಯ ಫ್ರಾನ್ಸಿಸ್ ಕಟ್ಟಿದ ಕಿರಿಯ ಸಹೋದರರ ಸಭೆಗೆ ಜೋಳಿಗೆ ಬಿಟ್ಟರೆ ಏನೂ ಇರಲಿಲ್ಲ. ಊರೂರು ತಿರುಗಬೇಕು, ಬೋಧಿಸಬೇಕು, ಕೊಟ್ಟದ್ದು ಉಣ್ಣಬೇಕು. ಅಂಥವರು ತಂಗುವ ಮನೆಯೇ ಫ್ರೈಯರಿ.

ಮೊರಾಕೊಗೆ ಹೊರಟವರು ಇಟಲಿಗೆ ಹೇಗೆ ಬಂದರು?

ಗಾಳಿ ತಂದು ಹಾಕಿತು. 1220ರ ಕೊನೆಗೆ ಮೊರಾಕೊ ಮುಟ್ಟಿದರು, ಮುಟ್ಟಿದವರೇ ಕಾಯಿಲೆ ಬಿದ್ದರು. ಇಡೀ ಚಳಿಗಾಲ ಹಾಸಿಗೆಯಲ್ಲೇ ಕಳೆಯಿತು. ಒಂದು ಬೋಧನೆಯಿಲ್ಲ, ಒಂದು ವಾದವಿಲ್ಲ, ಹುತಾತ್ಮರಾಗುವ ಮಾತಂತೂ ದೂರ. ಇದು ಆಗುವ ಹೋಗುವ ಕೆಲಸವಲ್ಲ ಎಂದು ಪೋರ್ಚುಗಲ್ಲಿಗೆ ವಾಪಸ್ ಹಡಗು ಹತ್ತಿದರೆ ಬಿರುಗಾಳಿ ಹಡಗನ್ನು ಪೂರ್ವಕ್ಕೆ ತಳ್ಳಿ ಸಿಸಿಲಿಯ ದಡಕ್ಕೆ ಒಯ್ದಿತು. ಪೋರ್ಚುಗಲ್ಲನ್ನು ಅವರು ಮತ್ತೆ ನೋಡಲೇ ಇಲ್ಲ.

ಮೆಸ್ಸೀನಾದ ಸಹೋದರರು ಆರೈಕೆ ಮಾಡಿ, 1221ರ ಪೆಂಟೆಕೋಸ್ತ್ ಹಬ್ಬಕ್ಕೆ ಅಸ್ಸಿಸಿಯಲ್ಲಿ ಸೇರಲಿದ್ದ ಮಹಾಸಭೆಗೆ ಕರೆದುಕೊಂಡು ಹೋದರು. ಸಾವಿರಾರು ಸಹೋದರರು. ಸಭೆ ಮುಗಿದ ಮೇಲೆ ಪ್ರಾಂತಗಳ ಹಿರಿಯರು ತಮಗೆ ಬೇಕಾದವರನ್ನು ಹೆಸರು ಹಿಡಿದು ಕರೆದುಕೊಂಡು ಹೊರಟರು. ಇವರನ್ನು ಯಾರೂ ಕರೆಯಲಿಲ್ಲ. ಪರದೇಶಿ, ಮುಖದಲ್ಲಿ ಕಾಯಿಲೆಯ ಕಳೆ, ಗುರುತಿನವರು ಒಬ್ಬರಿಲ್ಲ. ಬಸ್ ನಿಲ್ದಾಣದಲ್ಲಿ ಕೊನೆಗೆ ಉಳಿದವನ ಹಾಗೆ ನಿಂತಿದ್ದ ಇವರು ತಾವೇ ಹೋಗಿ ರೊಮಾಞ್ಞಾ ಪ್ರಾಂತದ ಹಿರಿಯ ಗ್ರತ್ಸಿಯಾನೊ ಅವರನ್ನು ಕೇಳಿಕೊಂಡರು. ತಾನು ಓದಿದವನು ಎಂದು ಬಾಯಿ ಬಿಡಲಿಲ್ಲ. ಗ್ರತ್ಸಿಯಾನೊಗೆ ಬೇಕಾಗಿದ್ದದ್ದು ಬಲಿಪೂಜೆ (ಮಾಸ್) ಅರ್ಪಿಸಬಲ್ಲ ಒಬ್ಬ ಗುರು, ಅಷ್ಟೆ. ಫೋರ್ಲಿ ಪಟ್ಟಣದ ಹತ್ತಿರ ಮೊಂತೆಪಾವೊಲೊ ಬೆಟ್ಟದ ಆಶ್ರಮಕ್ಕೆ ಕಳಿಸಿದರು. ಅಲ್ಲಿ ಗುಹೆಯಲ್ಲಿ ಪ್ರಾರ್ಥನೆ. ಉಳಿದ ಹೊತ್ತು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವುದು, ನೆಲ ಗುಡಿಸುವುದು.

ಮತ್ತೆ ದೊಡ್ಡ ಬೋಧಕರೆಂದು ಗೊತ್ತಾದದ್ದು ಹೇಗೆ?

ಒಂದು ಕಾರ್ಯಕ್ರಮದ ಅಚಾತುರ್ಯದಿಂದ. 1222ರಲ್ಲಿ ಫೋರ್ಲಿಯಲ್ಲಿ ಗುರುದೀಕ್ಷೆಯ ಸಮಾರಂಭ. ಫ್ರಾನ್ಸಿಸ್ಕನ್ನರೂ ಇದ್ದರು, ಡೊಮಿನಿಕನ್ನರೂ ಬಂದಿದ್ದರು. ಡೊಮಿನಿಕನ್ನರ ಸಭೆಯ ಹೆಸರೇ ಬೋಧಕರ ಸಭೆ, ಹಾಗಾಗಿ ನಾಲ್ಕು ಮಾತು ಅವರು ಆಡುತ್ತಾರೆಂದು ಇವರು, ಮನೆಯವರು ನೀವೇ ಆಡುತ್ತೀರೆಂದು ಅವರು. ಯಾರೂ ತಯಾರಾಗಿಲ್ಲ. ನಮ್ಮ ಮದುವೆ ಮನೆಗಳಲ್ಲಿ ಮೈಕನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತಾರಲ್ಲ, ಹಾಗೆ. ಕೊನೆಗೆ ಹಿರಿಯರು ಮೂಲೆಯಲ್ಲಿದ್ದ ಅಂತೋಣಿಯವರನ್ನು ಕರೆದು, ಪವಿತ್ರಾತ್ಮ ಬಾಯಿಗೆ ತಂದದ್ದು ಹೇಳು ಅಂದರು. ಪಾತ್ರೆ ತೊಳೆಯುವವನಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ.

ಮೆಲ್ಲಗೆ, ಸರಳವಾಗಿ ಶುರು ಮಾಡಿದರಂತೆ. ಆಮೇಲೆ ಶಾಸ್ತ್ರದ ಮಾತು ಒಂದರ ಹಿಂದೊಂದು, ಕೈಯಲ್ಲಿ ಹಾಳೆಯಿಲ್ಲದೆ. ಮುಗಿದಾಗ ಸಭೆ ಸ್ತಬ್ಧ. ಮೊಂತೆಪಾವೊಲೊದ ಅಡಿಗೆಮನೆಗೆ ಅವರು ಕೆಲಸಕ್ಕೆ ಹೋದದ್ದು ಅಲ್ಲಿಗೆ ನಿಂತಿತು. ಉತ್ತರ ಇಟಲಿಯಲ್ಲಿ ಊರೂರು ಬೋಧಿಸುವ ಅಪ್ಪಣೆ ಬಂತು.

ನನಗೆ ಅವರ ಬದುಕಿನಲ್ಲಿ ಅತಿ ಹಿಡಿಸುವುದು ಫೋರ್ಲಿಯ ಆ ಸಂಜೆಗಿಂತ ಅದರ ಹಿಂದಿನ ವರ್ಷ. ಅಷ್ಟು ಓದಿದವರು ಒಂದಿಡೀ ವರ್ಷ ಮಾತಾಡದೆ ಇದ್ದರಲ್ಲ!

ಪರದೇಶದವರು ಇಟಲಿಯ ಜನಕ್ಕೆ ಯಾವ ಭಾಷೆಯಲ್ಲಿ ಬೋಧಿಸಿದರು?

ಬರೆದದ್ದು ಲ್ಯಾಟಿನ್, ಪಂಡಿತರ ಎದುರು ಮಾತೂ ಲ್ಯಾಟಿನ್. ಬೀದಿಯ ಜನಕ್ಕೆ ಅವರವರ ಆಡುಮಾತು. ಪೋರ್ಚುಗೀಸ್, ದಕ್ಷಿಣ ಫ್ರಾನ್ಸಿನ ನುಡಿ, ಇಟಲಿಯ ನುಡಿಗಳು ಎಲ್ಲವೂ ಲ್ಯಾಟಿನ್ನಿನ ಮಕ್ಕಳು. 800 ವರ್ಷದ ಹಿಂದೆ ಇನ್ನೂ ಹತ್ತಿರದ ನೆಂಟಸ್ತಿಕೆ. ಆದರೂ ಎಲ್ಲಿ ಹೋದರೂ ಉಚ್ಚಾರದಲ್ಲಿ ಹೊರಗಿನವರೇ ಆಗಿದ್ದಿರಬೇಕು. ಒಂದೇ ಸಲಕ್ಕೆ ನಾನಾ ಭಾಷೆಯವರಿಗೆ ಅವರ ಮಾತು ಅರ್ಥವಾಯಿತು ಎಂಬ ಪವಾಡದ ಕತೆ ಹುಟ್ಟಿಕೊಂಡದ್ದು ಸುಮ್ಮನೆ ಅಲ್ಲ.

ಅಸ್ಸಿಸಿಯ ಫ್ರಾನ್ಸಿಸ್ ಅವರಿಗೂ ಇವರಿಗೂ ಏನು ಸಂಬಂಧ?

ಫ್ರಾನ್ಸಿಸ್ ಅವರಿಗೆ ಪುಸ್ತಕ, ಪಾಂಡಿತ್ಯ ಎಂದರೆ ಒಂದು ಅಂಜಿಕೆ. ಓದು ಹೆಚ್ಚಾದರೆ ತಲೆ ತಿರುಗುತ್ತದೆ, ಬಡತನ ಮರೆತು ಹೋಗುತ್ತದೆ ಎಂದು. ಅಂಥವರು ಅಂತೋಣಿಯವರಿಗೆ ನಾಲ್ಕು ಸಾಲಿನ ಒಂದು ಓಲೆ ಬರೆದರು. "ನನ್ನ ಬಿಷಪ್ ಸಹೋದರ ಅಂತೋಣಿಗೆ" ಎಂದು ಅದರ ಸಂಬೋಧನೆ. ಅಂತೋಣಿ ಬಿಷಪ್ ಆಗಿರಲಿಲ್ಲ, ಅದು ಅಕ್ಕರೆಯ ಗೌರವ. ಒಳಗಿನ ವಿಷಯ: ನೀನು ಸಹೋದರರಿಗೆ ದೈವಶಾಸ್ತ್ರ ಕಲಿಸುವುದು ನನಗೆ ಸಂತೋಷ, ಆದರೆ ಆ ಓದಿನಲ್ಲಿ ಪ್ರಾರ್ಥನೆಯ ಚೈತನ್ಯ ಆರದಿರಲಿ. ಬೊಲೊಞ್ಞಾದಲ್ಲಿ ಪಾಠ ಶುರುವಾಯಿತು. ಫ್ರಾನ್ಸಿಸ್ಕನ್ ಸಭೆಯ ಮೊದಲ ದೈವಶಾಸ್ತ್ರದ ಉಪಾಧ್ಯಾಯರು ಹೊರನಾಡಿನಿಂದ ಬಂದವರು ಎಂಬುದನ್ನು ಗಮನಿಸಿ.

ಫ್ರಾನ್ಸಿಗೂ ಹೋಗಿದ್ದರಂತೆ?

ಹೌದು, 1224ರಿಂದ ಸುಮಾರು ಮೂರು ವರ್ಷ. ಮೊಂಪೆಲಿಯೆ, ತುಲೂಝ್, ಲಿಮೋಝ್. ಧರ್ಮಸಭೆ ಒಪ್ಪದ ಕ್ಯಾಥರ್ ಎಂಬ ಪಂಥ ಅಲ್ಲಿ ಬೇರೂರಿತ್ತು, ಅದನ್ನು ಮುಗಿಸಲು ಸೈನ್ಯವೂ ನುಗ್ಗಿತ್ತು. ಅಂತೋಣಿಯವರದ್ದು ಮಾತಿನ ದಾರಿ. 'ಪಾಷಂಡಿಗಳ ಸುತ್ತಿಗೆ' ಎಂಬ ಬಿರುದು ಅವರಿಗೆ ಅಂಟಿಕೊಂಡಿದೆ. ನನಗೆ ಅದು ಒಗ್ಗುವುದಿಲ್ಲ. ಅವರ ಪ್ರಬೋಧನೆಗಳನ್ನು ಓದಿದರೆ ಪರಪಂಥದವರಿಗಿಂತ ಹೆಚ್ಚು ಏಟು ಬಿದ್ದಿರುವುದು ಸ್ವಂತ ಮನೆಯವರಿಗೆ: ದುಡ್ಡಿನ ಆಸೆಯ ಗುರುಗಳಿಗೆ, ಸುಖಕ್ಕೆ ಬಿದ್ದ ಬಿಷಪ್ಪರಿಗೆ. ಬೂರ್ಝ್ ಎಂಬಲ್ಲಿ ಧರ್ಮಸಭೆಯ ದೊಡ್ಡವರೆಲ್ಲ ಕೂತಿದ್ದಾಗ ಮಹಾಧರ್ಮಾಧ್ಯಕ್ಷರ ಕಡೆಗೇ ತಿರುಗಿ "ಎಲೈ ಕೋಡಿನವನೇ, ನಿನಗೇ ಹೇಳುತ್ತಿದ್ದೇನೆ" ಅಂದರೆಂದು ಹಳೆಯ ಕತೆ. ಬಿಷಪ್ಪರ ಶಿರೋಭೂಷಣಕ್ಕೆ ಎರಡು ಚೂಪು ಇರುತ್ತದಲ್ಲ, ಅದೇ ಕೋಡು.

ಮೀನುಗಳು ಬೋಧನೆ ಕೇಳಿದವು ಎನ್ನುವುದು ನಿಜವೇ?

ರಿಮಿನಿ ಊರಿನ ಕತೆ. ಜನ ಕಿವಿಗೊಡಲಿಲ್ಲ, ಇವರು ನೀರಿನ ದಡಕ್ಕೆ ಹೋಗಿ ಮೀನುಗಳಿಗೇ ಬೋಧಿಸಿದರು, ಸಣ್ಣವು ಮುಂದೆ ದೊಡ್ಡವು ಹಿಂದೆ ಸಾಲಾಗಿ ತಲೆ ಎತ್ತಿ ನಿಂತವು. ಮೊದಲ ಚರಿತ್ರೆಯಲ್ಲಿ ಇದಿಲ್ಲ. ನಂತರದ ಸಂಗ್ರಹಗಳಲ್ಲಿ ಬರುತ್ತದೆ. ಉಪವಾಸದಲ್ಲಿದ್ದ ಹೇಸರಗತ್ತೆ ಹುಲ್ಲನ್ನು ಬಿಟ್ಟು ಪರಮಪ್ರಸಾದದ (ಬಲಿಪೂಜೆಯ ರೊಟ್ಟಿಯ) ಮುಂದೆ ಮಂಡಿಯೂರಿದ ಕತೆಯೂ ಹಾಗೆಯೇ. ಮಕ್ಕಳಿಗೆ ಎರಡನ್ನೂ ಹೇಳುತ್ತೇನೆ, ಯಾವುದು ಚರಿತ್ರೆ ಯಾವುದು ಕತೆ ಎಂದೂ ಹೇಳುತ್ತೇನೆ. ಇದರಿಂದ ಯಾರ ನಂಬಿಕೆಯೂ ಹೋದದ್ದು ನಾನು ಕಂಡಿಲ್ಲ.

ಕಳೆದುಹೋದ ವಸ್ತುವಿಗೆ ಇವರನ್ನೇ ಯಾಕೆ ಕೇಳುವುದು?

ಆ ಹುಡುಗಿಗೆ ಸಲ್ಲಬೇಕಾದ ಉತ್ತರ: ಒಂದು ಪುಸ್ತಕ. ಅಂತೋಣಿಯವರ ಹತ್ತಿರ ಬೈಬಲ್ಲಿನ ಕೀರ್ತನೆಗಳ ಒಂದು ಕೈಬರಹದ ಪುಸ್ತಕ ಇತ್ತು, ಪಾಠಕ್ಕೆಂದು ಅಂಚಿನಲ್ಲೆಲ್ಲ ಟಿಪ್ಪಣಿ ಬರೆದುಕೊಂಡದ್ದು. ಸಭೆ ಬಿಟ್ಟು ಓಡಿಹೋದ ಒಬ್ಬ ಎಳೆಯ ಸನ್ಯಾಸಿ ಅದನ್ನೂ ಎತ್ತಿಕೊಂಡು ಹೋದ. ಇವರು ಪ್ರಾರ್ಥನೆ ಮಾಡಿದರು. ಅವನು ಪುಸ್ತಕದ ಸಮೇತ ವಾಪಸ್ ಬಂದ. ಅಚ್ಚು ಇಲ್ಲದ ಕಾಲದಲ್ಲಿ ಒಂದು ಪುಸ್ತಕ ಬರೆಸಲು ತಿಂಗಳುಗಟ್ಟಲೆ ಕೆಲಸ, ಚರ್ಮದ ಹಾಳೆಯ ಖರ್ಚು ಬೇರೆ. ಅಂಚಿನ ಟಿಪ್ಪಣಿಗಂತೂ ನಕಲೇ ಇಲ್ಲ. ಇವತ್ತಿನ ಲೆಕ್ಕದಲ್ಲಿ, ಪ್ರತಿ ಇಟ್ಟುಕೊಳ್ಳದ ಲ್ಯಾಪ್‌ಟಾಪ್ ಕಳೆದ ಹಾಗೆ.

ನಮ್ಮ ಅಜ್ಜಿ ಕನ್ನಡಕ ಹುಡುಕುವಾಗ ಸೆರಗಿನ ತುದಿಗೆ ಒಂದು ಗಂಟು ಹಾಕಿ, "ಅಂತೋಣಪ್ಪಾ, ಸಿಗೋ ತನಕ ಬಿಚ್ಚಲ್ಲ" ಅನ್ನುತ್ತಿದ್ದಳು. ಎಷ್ಟೋ ಸಲ ಕನ್ನಡಕ ತಲೆಯ ಮೇಲೇ ಇರುತ್ತಿತ್ತು. ಸಿಕ್ಕ ಮೇಲೆ ನಾಲ್ಕಾಣೆಯನ್ನು ಬಡವರ ಡಬ್ಬಿಗೆ ಹಾಕಲೇಬೇಕು. ಸಂತ ಅಂತೋಣಿಯ ರೊಟ್ಟಿ ಎಂದು ಚರ್ಚಿನಲ್ಲಿ ಇಡುವ ಡಬ್ಬಿಯದೂ ಇದೇ ರೂಢಿ. ಈಗಿನ ರೂಪದಲ್ಲಿ ಅದು ಹಬ್ಬಿದ್ದು 1890ರ ದಶಕದಲ್ಲಿ, ಫ್ರಾನ್ಸಿನ ತುಲೋನ್ ಎಂಬ ಬಂದರು ಊರಿನ ಒಂದು ಅಂಗಡಿಯಿಂದ.

ಪಾದುವಾದಲ್ಲಿ ಅಂಥದ್ದೇನು ಮಾಡಿದರು?

1227ರಿಂದ 1230ರವರೆಗೆ ಫ್ರಾನ್ಸಿಸ್ಕನ್ ಸಭೆಯ ಉತ್ತರ ಇಟಲಿಯ ಪ್ರಾಂತಾಧಿಕಾರಿಯಾಗಿದ್ದರು. ಅದರಿಂದ ಬಿಡುಗಡೆ ಸಿಕ್ಕ ಮೇಲೆ ಪಾದುವಾಕ್ಕೆ ಬಂದು ಪ್ರಬೋಧನೆಗಳನ್ನು ಬರೆದು ಮುಗಿಸುವ ಕೆಲಸ ಹಿಡಿದರು. 1231ರ ತಪಸ್ಸು ಕಾಲ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು) ಬಂದಾಗ ಲೇಖನಿ ಕೆಳಗಿಟ್ಟು, ನಲವತ್ತೂ ದಿನ ದಿನಕ್ಕೊಂದು ಬೋಧನೆ ಎಂದು ನಿಂತರು. ಆ ಕಾಲಕ್ಕೆ ಇದು ಹೊಸದು.

ಮೊದಲು ಚರ್ಚುಗಳಲ್ಲಿ, ಆಮೇಲೆ ಜಾಗ ಸಾಲದೆ ಬಯಲಿನಲ್ಲಿ. 30,000 ಜನ ಸೇರುತ್ತಿದ್ದರು ಎಂದು ಮೊದಲ ಚರಿತ್ರೆ ಹೇಳುತ್ತದೆ. ಆ ಸಂಖ್ಯೆಗೆ ಸ್ವಲ್ಪ ಉಪ್ಪುಖಾರ ಬಿದ್ದಿರಬಹುದು, ಆದರೆ ಅಂಗಡಿ ಮುಚ್ಚಿ ಬರುತ್ತಿದ್ದರು, ರಾತ್ರಿಯೇ ದೀಪ ಹಿಡಿದು ಹೊರಟು ಜಾಗ ಹಿಡಿಯುತ್ತಿದ್ದರು ಎಂಬ ವಿವರ ನಂಬುವಂತಿದೆ. ಹೆಂಗಸರು ಕತ್ತರಿ ತಂದು ಅವರ ನಿಲುವಂಗಿಯ ಚೂರು ಕತ್ತರಿಸಿಕೊಳ್ಳುತ್ತಿದ್ದರಂತೆ, ಅದಕ್ಕೇ ಸುತ್ತ ಗಟ್ಟಿಮುಟ್ಟಾದ ಯುವಕರ ಕಾವಲು. ಬೋಧನೆ ಮುಗಿದರೆ ಪಾಪನಿವೇದನೆಗೆ ಸಾಲು. ಸೂರ್ಯ ಮುಳುಗುವ ತನಕ ಊಟವಿಲ್ಲ. ಪಟಗಳಲ್ಲಿ ತೆಳ್ಳಗಿನ ಸುಂದರ ಯುವಕನನ್ನು ನೋಡುತ್ತೇವೆ, ಆದರೆ ಮೊದಲ ಚರಿತ್ರೆಯ ಪ್ರಕಾರ ಅವರದು ಸ್ಥೂಲ ದೇಹ, ಬಿಡದ ಕಾಯಿಲೆ. ಆ ಮೈ ಹೊತ್ತುಕೊಂಡೇ ಇಷ್ಟೂ.

ಜನ ಅಷ್ಟು ಮುತ್ತಿದ್ದಕ್ಕೆ ಕಾರಣ ಮಾತಿನ ಇಂಪೊಂದೇ ಅಲ್ಲ. ಪಾದುವಾ ಬಡ್ಡಿ ವ್ಯಾಪಾರದ ಊರು. ಸಾಲ ತೀರಿಸಲಾಗದವನು ಸೆರೆಮನೆಗೆ. ಹೊಣೆ ನಿಂತ ನೆಂಟನೂ ಅವನ ಹಿಂದೆ. ಅಂತೋಣಿ ಬಡ್ಡಿಕೋರರನ್ನು ಹೆಸರು ಹೇಳದಿದ್ದರೂ ಮುಖ ಕಾಣುವಂತೆ ಬೈದರು. ಅದೇ ಮಾರ್ಚ್‌ನಲ್ಲಿ ನಗರಾಡಳಿತ ಒಂದು ಶಾಸನ ಮಾಡಿತು: ಸಾಲಗಾರನು ಇದ್ದ ಸೊತ್ತನ್ನು ಒಪ್ಪಿಸಿದರೆ ಅವನನ್ನಾಗಲಿ ಜಾಮೀನುದಾರನನ್ನಾಗಲಿ ಸೆರೆಗೆ ಹಾಕುವಂತಿಲ್ಲ. ಸಹೋದರ ಅಂತೋಣಿಯ ಕೋರಿಕೆಯ ಮೇಲೆ ಎಂದು ಆ ಶಾಸನದಲ್ಲೇ ಬರೆದಿದೆ. ನನ್ನ ಕೇಳಿದರೆ ಮೀನು, ಹೇಸರಗತ್ತೆಗಳಿಗಿಂತ ದೊಡ್ಡ ಪವಾಡ ಇದು, ಮತ್ತು ದಾಖಲೆ ಇರುವ ಪವಾಡ. ನಮ್ಮ ಪಟಗಳಲ್ಲಿ ಮಾತ್ರ ಇದನ್ನು ಯಾರೂ ಬರೆಯುವುದಿಲ್ಲ.

ಎಲ್ಲ ಕಡೆ ಗೆದ್ದರೆಂದಲ್ಲ. ಆಮೇಲೆ ವೆರೋನಾಕ್ಕೆ ಹೋಗಿ, ಕ್ರೌರ್ಯಕ್ಕೆ ಹೆಸರಾದ ಎತ್ಸೆಲಿನೊ ಎಂಬ ಪಾಳೆಯಗಾರನ ಮುಂದೆ ಸೆರೆಯಾಳುಗಳನ್ನು ಬಿಡು ಎಂದು ಬೇಡಿದರು. ಅವನು ಬಿಡಲಿಲ್ಲ. ಬರಿಗೈಯಲ್ಲಿ ವಾಪಸ್.

ಮಂಗಳವಾರವೇ ಯಾಕೆ?

ಮಣ್ಣಾದ ವಾರ ಅದು. ತಪಸ್ಸು ಕಾಲ ಅವರನ್ನು ಹಿಂಡಿ ಹಾಕಿತ್ತು. ಬೇಸಿಗೆಗೆ ಕಾಂಪೊಸಾಂಪಿಯೇರೊ ಎಂಬ ಹಳ್ಳಿಗೆ ಹೋದರು. ಅಲ್ಲಿನ ಒಡೆಯ ಒಂದು ದೊಡ್ಡ ಅಕ್ರೋಟು ಮರದ ಕೊಂಬೆಗಳ ನಡುವೆ ಅವರಿಗೊಂದು ಅಟ್ಟಣೆ ಕಟ್ಟಿಸಿಕೊಟ್ಟ. 1231ರ ಜೂನ್ 13, ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೆಳಗಿಳಿದು ಕೂತವರು ಕುಸಿದರು. ಪಾದುವಾಕ್ಕೆ ಕರೆದೊಯ್ಯಿರಿ ಎಂದರು. ಎತ್ತಿನ ಗಾಡಿಯಲ್ಲಿ ಮಲಗಿಸಿ, ಬಿಸಿಲಲ್ಲಿ ಕುಲುಕಾಡುತ್ತ ಹೊರಟರು. ಊರು ಕಾಣುವಷ್ಟರಲ್ಲಿ ಉಸಿರು ಕೈಕೊಡುತ್ತಿತ್ತು. ಹೊರವಲಯದ ಆರ್ಚೆಲ್ಲಾದಲ್ಲಿ ಗಾಡಿ ನಿಲ್ಲಿಸಿದರು. "ನನ್ನ ಪ್ರಭುವನ್ನು ಕಾಣುತ್ತಿದ್ದೇನೆ" ಎಂದದ್ದು ಕೊನೆಯ ಮಾತು. ವಯಸ್ಸು 36ರ ಆಸುಪಾಸು.

ಸಹೋದರರು ಸುದ್ದಿ ಮುಚ್ಚಿಡಲು ನೋಡಿದರು. ಆಗಲಿಲ್ಲ, "ಸಂತರು ಹೋಗಿಬಿಟ್ಟರು" ಎಂದು ಮಕ್ಕಳು ಬೀದಿಬೀದಿ ಕೂಗಿಕೊಂಡು ಓಡಿದರು. ದೇಹ ನಮಗೆ ಎಂದು ಆರ್ಚೆಲ್ಲಾ ಕಡೆಯ ಕೇರಿಯವರು, ನಮಗೆ ಎಂದು ಪಾದುವಾದ ಸಹೋದರರು. ಆಯುಧ ಹಿಡಿದು ಕಾವಲು ಕೂರುವ ತನಕ ಹೋಯಿತು ಜಗಳ. ಹತ್ತು ವರ್ಷದ ಹಿಂದೆ ಅಸ್ಸಿಸಿಯಲ್ಲಿ ಯಾರಿಗೂ ಬೇಡವಾಗಿದ್ದ ಮನುಷ್ಯ! ಕೊನೆಗೆ ಜೂನ್ 17, ಮಂಗಳವಾರ, ಪಾದುವಾದ ಸಹೋದರರ ಚರ್ಚಿನಲ್ಲಿ ಮಣ್ಣು ಮಾಡಿದರು. ಆ ದಿನದ ನೆನಪಿಗೇ ಮಂಗಳವಾರ ಅವರದು.

ಒಂದು ವರ್ಷ ತುಂಬುವ ಮೊದಲೇ, 1232ರ ಮೇ 30ರಂದು, ಪೋಪ್ ಒಂಬತ್ತನೆಯ ಗ್ರೆಗೊರಿ ಸ್ಪೊಲೆತೊದಲ್ಲಿ ಸಂತ ಪದವಿ ಘೋಷಿಸಿದರು. ಧರ್ಮಸಭೆಯ ಪಂಡಿತ ಎಂಬ ಬಿರುದಿಗೆ ಮಾತ್ರ 1946ರ ತನಕ ಕಾಯಬೇಕಾಯಿತು. ಅದರ ತಾರೀಖು ಜನವರಿ 16, ಮರಕೇಶ್‌ನ ಐವರು ಸತ್ತ ದಿನವೇ.

ಪ್ರತಿಮೆಯಲ್ಲಿ ಕೈಮೇಲೆ ಬಾಲಯೇಸು ಯಾಕೆ?

ಕೋಣೆಯಲ್ಲಿ ಬೆಳಕು ಕಂಡು ಇಣುಕಿದ ಆತಿಥೇಯನಿಗೆ ಅವರು ಮಗುವನ್ನು ಎತ್ತಿಕೊಂಡದ್ದು ಕಂಡಿತು ಎಂಬ ಕತೆಯಿಂದ. ಹಳೆಯ ಚಿತ್ರಗಳಲ್ಲಿ ಕೈಯಲ್ಲಿ ಪುಸ್ತಕ ಮಾತ್ರ. ನಂತರದವರು ಲಿಲ್ಲಿ ಹೂವನ್ನೂ ಮಗುವನ್ನೂ ಸೇರಿಸಿದರು.

ಡೋರನಹಳ್ಳಿಗೆ ಇವರು ಹೇಗೆ ಬಂದರು?

ಮೈಸೂರು ಜಿಲ್ಲೆಯ ಕೆ.ಆರ್. ನಗರದ ಹತ್ತಿರದ ಊರು. ಸುಮಾರು 200 ವರ್ಷದ ಹಿಂದೆ ಹೊಲ ಉಳುತ್ತಿದ್ದ ರೈತನ ನೇಗಿಲಿಗೆ ಮರದ ಪ್ರತಿಮೆಯೊಂದು ಸಿಕ್ಕಿತು, ಬೊಂಬೆ ಎಂದು ಮಗುವಿಗೆ ಆಡಲು ಕೊಟ್ಟ, ಆಮೇಲೆ ಕನಸಿನಲ್ಲಿ ಒಬ್ಬ ಸನ್ಯಾಸಿ ಬಂದು ಗುಡಿ ಕಟ್ಟು ಎಂದ; ಇದು ಊರವರ ಮಾತು. 2019ರಲ್ಲಿ ಅದು ಬಸಿಲಿಕ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಚರ್ಚು, ಆಯಿತು. ಜೂನ್ 13ರ ಜಾತ್ರೆಗೆ ಬರುವವರಲ್ಲಿ ಯಾರು ಕ್ರೈಸ್ತರು ಯಾರು ಅಲ್ಲ ಎಂದು ಹೇಳುವುದು ಕಷ್ಟ. ಹಣೆಗೆ ಕುಂಕುಮ ಇಟ್ಟ ತಾಯಿ ಕೂಸನ್ನು ಪ್ರತಿಮೆಯ ಕಡೆ ಎತ್ತಿ ಹಿಡಿದು ಹರಕೆ ಒಪ್ಪಿಸುವುದನ್ನು ಅಲ್ಲಿ ಯಾರೂ ವಿಚಿತ್ರ ಎಂದುಕೊಳ್ಳುವುದಿಲ್ಲ.

ಪಾದುವಾಕ್ಕೆ ಹೋದರೆ ಏನು ನೋಡಬೇಕು?

ಬಸಿಲಿಕವನ್ನು ಊರವರು 'ಇಲ್ ಸಾಂತೊ' ಅನ್ನುತ್ತಾರೆ, ಬರೀ 'ಸಂತ' ಎಂದು. ಯಾವ ಸಂತ ಎಂದು ಅಲ್ಲಿ ಹೇಳಬೇಕಾಗಿಲ್ಲ. ಮುಖ್ಯ ಪೀಠದ ಕಂಚಿನ ಫಲಕಗಳು ಇಟಲಿಯ ಶಿಲ್ಪಿ ದೊನತೆಲ್ಲೊನ ಕೆಲಸ. ಹೇಸರಗತ್ತೆಯೂ ಇದೆ, ಸತ್ತ ಜಿಪುಣನ ಎದೆ ಸೀಳಿದರೆ ಹೃದಯವಿಲ್ಲದೆ ಅದು ಹಣದ ಪೆಟ್ಟಿಗೆಯಲ್ಲಿ ಸಿಕ್ಕ ಕತೆಯೂ ಇದೆ. 1263ರಲ್ಲಿ ಸಮಾಧಿ ತೆಗೆದಾಗ ದೇಹವೆಲ್ಲ ಮಣ್ಣಾಗಿದ್ದರೂ ನಾಲಿಗೆ ಉಳಿದಿತ್ತು. ಫ್ರಾನ್ಸಿಸ್ಕನ್ ಸಭೆಯ ಆಗಿನ ಮುಖ್ಯಸ್ಥ ಸಂತ ಬೊನವೆಂತುರಾ ಅಲ್ಲಿದ್ದರು. ಆ ನಾಲಿಗೆಯನ್ನು ಬೆಳ್ಳಿ ಬಂಗಾರದ ಕರಂಡದಲ್ಲಿ ಇಟ್ಟಿದ್ದಾರೆ. ಅದರ ಮುಂದೆ ಯಾವಾಗಲೂ ಸಾಲು.

ಸಮಾಧಿಯ ಹಿಂಬದಿಗೆ ಹೋದರೆ ಜನ ಒಬ್ಬೊಬ್ಬರಾಗಿ ಕಲ್ಲಿಗೆ ಅಂಗೈ ಒತ್ತಿ ನಿಲ್ಲುತ್ತಾರೆ. ಪಕ್ಕದಲ್ಲಿ ಬಿಟ್ಟುಹೋದ ಫೋಟೋಗಳು: ಕೂಸು, ಆಸ್ಪತ್ರೆಯ ಹಾಸಿಗೆ, ಮದುವೆಯ ಜೋಡಿ. ಸಮಯ ಮಿಕ್ಕರೆ ರೈಲು ನಿಲ್ದಾಣದ ಆಚೆ, ಉತ್ತರಕ್ಕಿರುವ ಆರ್ಚೆಲ್ಲಾದ ಚರ್ಚಿಗೆ ಹೋಗಿ. ಪ್ರವಾಸಿಗಳು ಅಲ್ಲಿಗೆ ಹೋಗುವುದು ಕಡಿಮೆ. ಎತ್ತಿನ ಗಾಡಿ ನಿಂತದ್ದು ಅಲ್ಲಿ.